ನಾಯಿಮರಿಗೊಂದು ನಾಲ್ಕು ಗೇಣಿನ ಮನೆ

ಮನೆಯಲ್ಲಿ ಯಾವ ಸಾಮಾನು ಎಲ್ಲಿರಬೇಕು ಎಂಬುದನ್ನು ನಾವೇ ನಿರ್ಧರಿಸುತ್ತೇವೆ ಎಂದು ಎಲ್ಲರೂ ತಿಳಿದಿರುತ್ತಾರೆ. ಅದು ಸುಳ್ಳು. ಒರಳುಕಲ್ಲು ತಾನು ಕೂತಲ್ಲೇ ಕೂತಿರುತ್ತದೆ, ನಾವು ಅದನ್ನು ಸುತ್ತಿಕೊಂಡು ಓಡಾಡುವುದನ್ನು ಕಲಿಯುತ್ತೇವೆ. ನಿಮ್ಮ ಅಜ್ಜ ತಂದ ಕಬ್ಬಿಣದ ಕಪಾಟು, ಹಮಾಲರು ಮೊದಲ ದಿನ ಎಲ್ಲಿ ಇಳಿಸಿದರೋ ಅಲ್ಲೇ ಇಂದಿಗೂ ನಿಂತಿದೆ. ಅದರ ಒಂದು ಬಾಗಿಲು ಗೋಡೆಗೆ ಬಡಿದು ಅರ್ಧವೇ ತೆರೆಯುತ್ತದೆ. ಒಳಗಿನ ಸೀರೆಗಳನ್ನು ನಾನು ಕೈ ಓರೆ ಮಾಡಿ ಎಳೆಯುತ್ತೇನೆ. ಒಂದು ಮೊಳ ಈ ಕಡೆ ಸರಿಸಿ ಎಂದು ಆ ಹಮಾಲರಿಗೆ ಹೇಳಬಹುದಿತ್ತು. ನಾಚಿಕೆಯಾಗಿ ಹೇಳಲಿಲ್ಲ. ನಾನು ಹಳ್ಳಿಯ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವಳು. ಮಾಸ್ತರರು ಹಾಜರಿ ಕೂಗಿದಾಗ ಉತ್ತರ ಕೊಡಲು ನಾಚಿ, ಮೊದಲ ಸಾಲಿನಲ್ಲಿ ಕೂತಿದ್ದೂ ಎಷ್ಟೋ ದಿನ ಗೈರುಹಾಜರಾಗಿದ್ದೇನೆ. ಅಂಥವಳು ಒಂದು ನಾಯಿಮರಿಯ ಗೂಡಿಗಾಗಿ ಒಂದು ತಿಂಗಳು ಹಟ ಹಿಡಿದು ನಿಂತೆ ಎಂದರೆ ನೀವು ನಂಬಲಿಕ್ಕಿಲ್ಲ. ಅದಕ್ಕೇ ಬರೆದು ಇಡುತ್ತಿದ್ದೇನೆ. ರಜೆಗೆ ಕ್ಯಾಸಲ್‌ರಾಕಿನಿಂದ ದಾಂಡೇಲಿಗೆ ಬಂದಾಗ, ಆ ದೊಡ್ಡ ಪೆಟ್ಟಿಗೆ ಯಾಕೆ ಅಲ್ಲಿದೆ ಎಂದು ಮೊಮ್ಮಕ್ಕಳು ನೀವಿಬ್ಬರೂ ಕೇಳಿಯೇ ಕೇಳುತ್ತೀರಿ.

ನಮ್ಮ ಹಳೆಯ ನಾಯಿ ಮೋತಿಯ ಸುದ್ದಿ ನಿಮಗೆ ಗೊತ್ತು. ನಮ್ಮ ಮನೆ ಊರಿನ ಕೊನೆಯದು, ಹಿತ್ತಲ ಬೇಲಿಯ ಆಚೆ ಅಡವಿ. ಕಳೆದ ಮಳೆಗಾಲದಲ್ಲಿ ಒಂದು ಮುಸ್ಸಂಜೆ, ಒಳಗೆ ನಾನು ದೀಪ ಹಚ್ಚುತ್ತಿರುವಾಗ, ಮುಂದಿನ ತೆರೆದ ಪಡಸಾಲೆಯ ಕಟ್ಟೆಯ ಮೇಲೆ ಮಲಗಿದ್ದ ಮೋತಿಯನ್ನು ಚಿರತೆ ಒಯ್ದಿತು. ಅದು ಒಂದು ಸಲವೂ ಬೊಗಳಲಿಲ್ಲ. ಮರುದಿನ ಅದರ ತಟ್ಟೆಯನ್ನು ತೊಳೆದು ಎಲ್ಲಿಡುವುದು ಎಂದು ತಿಳಿಯದೆ ನಾನು ಅದನ್ನು ಹಿಡಿದುಕೊಂಡೇ ಅರ್ಧ ದಿನ ಕಳೆದೆ. ನನ್ನ ಅಳಿಯ, ನಿಮ್ಮ ಮಹೇಶ ಕಾಕಾ, ಕಾರ್ಖಾನೆಯ ಪಾಳಿಗೆ ರಜೆ ಹಾಕಿ, ಬೇಲಿಯುದ್ದಕ್ಕೂ ಹುಡುಕಿ ಬಂದು, ಇನ್ನು ಈ ಮನೆಗೆ ನಾಯಿ ಬೇಡ ಎಂದ. ನಾನೂ ಬೇಡವೆಂದೇ ಇದ್ದೆ.

ಆದರೆ ಮುಂಡಗೋಡಕ್ಕೆ ತವರಿನ ಮದುವೆಗೆ ಹೋದವಳು ಡೋಲ್ಮಾಳನ್ನು ನೋಡಲು ಟಿಬೆಟನ್ ಕಾಲೊನಿಗೆ ಹೋದೆ. ನಮ್ಮ ಹೊಲವೂ ಅವರ ಗೋವಿನಜೋಳದ ಹೊಲವೂ ಒಂದಕ್ಕೊಂದು ಹತ್ತಿದ್ದವು, ಚಿಕ್ಕವರಿರುವಾಗಿನಿಂದ ನಾವು ಗೆಳತಿಯರು. ಅವಳ ಅಂಗಳದಲ್ಲಿ ನಾಲ್ಕು ಮರಿಗಳು ಆಡುತ್ತಿದ್ದವು. ಐದನೆಯದು ಮಾತ್ರ ಬಾಗಿಲ ಪರದೆಯ ಹಿಂದೆ ನಿಂತು ಮೂಗನ್ನಷ್ಟೇ ಹೊರಗೆ ಹಾಕಿತ್ತು. ಎಳೆಯ ತೆನೆಯ ಕೂದಲಿನ ಬಣ್ಣ, ಕಣ್ಣು ಕಾಣದಷ್ಟು ಜೂಲು. "ಇದನ್ನ ಯಾರೂ ಒಯ್ಯವಲ್ರು. ಕರದ್ರ ಬರೂದಿಲ್ಲ, ನಿನ್ನಂಗ ಐತಿ ನೋಡು," ಎಂದಳು ಡೋಲ್ಮಾ. ಹಾಗೆ ಹೇಳಿದ ಮೇಲೆ ಬಿಟ್ಟು ಬರುವುದು ಹೇಗೆ? ಮನೆಗೆ ಮರಳುವಾಗ ಮಡಿಲಲ್ಲಿ ಮರಿ ಇಟ್ಟುಕೊಂಡು ಹಳಿಯಾಳದ ಬಸ್ಸು ಹತ್ತಿದೆ. ತೆನಿ ಎಂದು ಹೆಸರು ದಾರಿಯಲ್ಲೇ ಇಟ್ಟಾಗಿತ್ತು.

ಇಲ್ಲಿ ಒಂದು ಮಾತು ಹೇಳಬೇಕು. ನಾನು ಅಳಿಯನ ಎದುರು ನಿಂತು ಮಾತಾಡುವುದಿಲ್ಲ. ನಮ್ಮ ಕಡೆ ಹಿಂದೆ ಅತ್ತೆಯಂದಿರೆಲ್ಲ ಹಾಗೇ ಇದ್ದರು. ಈಗ ಯಾರೂ ಇಲ್ಲ, ನಾನೊಬ್ಬಳೇ ಉಳಿದಿದ್ದೇನೆ. ಏನು ಹೇಳುವುದಿದ್ದರೂ ನನ್ನ ಮಗಳ, ಅಂದರೆ ನಿಮ್ಮ ಸುಮಾ ಚಿಗವ್ವನ, ಮುಖ ನೋಡಿ ಹೇಳುತ್ತೇನೆ. ಅವನೂ ಅವಳ ಮುಖ ನೋಡಿಯೇ ಉತ್ತರ ಕೊಡುತ್ತಾನೆ. ಒಂದೇ ಮನೆಯಲ್ಲಿ ಒಂಬತ್ತು ವರ್ಷ ಹೀಗೆ ನಡೆದಿದೆ. ಸುಮಾ ಆಸ್ಪತ್ರೆಯ ಕೆಲಸಕ್ಕೆ ಹೋದಾಗ ಬಾಗಿಲಿಗೋ ಗೋಡೆಗೋ ಹೇಳಿದರೂ ಸಾಗುತ್ತದೆ. ಚಹಾ ಆಗಿದೆ ಎಂದು ನಾನು ಕಿಟಕಿಗೆ ಹೇಳಿದರೆ ಅವನು ಬಂದು ಲೋಟ ಎತ್ತಿಕೊಳ್ಳುತ್ತಾನೆ.

ಮಹೇಶ ಮರಿಯನ್ನು ನೋಡಿದ. ಆಮೇಲೆ ಹೆಂಡತಿಯ ಕಡೆ ತಿರುಗಿದ. "ಸುಮಾ, ನಿಮ್ಮವ್ವಗ ಹೇಳು. ಒಂದು ತಿಂಗಳು ನೋಡೂಣು. ಹೊತ್ತು ಮುಳುಗೂದರಾಗ ಅದು ತಾನಾಗೇ ಗೂಡಿನ್ಯಾಗ ಹೋಗಿ ಮಲಗೂದು ಕಲೀಬೇಕು. ಇಲ್ಲಂದ್ರ ನಮ್ಮ ಸಾಹೇಬ್ರ ಮನಿಗೆ ಕೊಟ್ಟುಬಿಡೂಣು, ಅಲ್ಲೆ ಎತ್ತರದ ಕಂಪೌಂಡ್ ಐತಿ. ಬೇಲಿ ಹುಡುಕೂದು ಇನ್ನೊಮ್ಮೆ ನನ್ನ ಕೈಲೆ ಆಗೂದಿಲ್ಲ."

ಸುಮಾ ನನ್ನ ಮುಖ ನೋಡಿದಳು. ಆಗಲಿ ಎಂದು ಅವಳಿಗೆ ಹೇಳಿದೆ. ಮನಸ್ಸಿನಲ್ಲಿ ಮಾತ್ರ, ಈ ಮರಿ ಈ ಹೊಸ್ತಿಲು ದಾಟಿ ಹೋಗುವುದಿಲ್ಲ ಎಂದು ಗಟ್ಟಿಮಾಡಿಕೊಂಡೆ. ಅದು ಚಿರತೆಯ ಬಾಯಿಗೂ ಹೋಗಬಾರದು, ಸಾಹೇಬರ ಮನೆಗೂ ಹೋಗಬಾರದು.

ಮೊದಲು ಸುಮಾ ಮೊಬೈಲಿನಲ್ಲಿ ಕ್ರೇಟ್ ಎಂಬ ತಂತಿಯ ಗೂಡಿನ ಚಿತ್ರ ತೋರಿಸಿದಳು. ನೋಡಿದರೆ, ಮೋತಿ ಹೋದ ಮೇಲೆ ಅರಣ್ಯದವರು ಚಿರತೆ ಹಿಡಿಯಲು ಬೇಲಿಯ ಹತ್ತಿರ ತಂದಿಟ್ಟ ಬೋನಿನ ಮರಿಯಂತೆಯೇ ಇತ್ತು. ಚಿರತೆ ಆ ಬೋನಿನ ಹತ್ತಿರ ಸುಳಿಯಲೂ ಇಲ್ಲ. ತಪ್ಪು ಮಾಡಿದ್ದು ಅಡವಿಯಲ್ಲಿ ಆರಾಮಾಗಿ ತಿರುಗಾಡಲಿ, ಏನೂ ಮಾಡದ ನಮ್ಮ ಮರಿ ಬೋನಿನಲ್ಲಿ ಕೂಡಲಿ, ಇದು ಎಲ್ಲಿಯ ನ್ಯಾಯ? ಒಲ್ಲೆ ಎಂದೆ. ನಾನು ಒಲ್ಲೆ ಎಂದದ್ದು ಕೇಳಿ ಸುಮಾ ನನ್ನ ಹಣೆ ಮುಟ್ಟಿ ನೋಡಿದಳು.

ಎರಡನೆಯದಾಗಿ ಕೋಳಿ ಮುಚ್ಚುವ ಬಿದಿರಿನ ಬುಟ್ಟಿ ಹುಡುಕಿ ತೆಗೆದೆ. ಒಳಗೆ ಗೋಣಿತಟ್ಟು ಹಾಸಿ ತೆನಿಯನ್ನು ಕೂಡ್ರಿಸಿ ಮೇಲೆ ಬುಟ್ಟಿ ಮುಚ್ಚಿದೆ. ಸ್ವಲ್ಪ ಹೊತ್ತಿನಲ್ಲಿ ಬುಟ್ಟಿ ನಡೆಯಲು ಶುರುಮಾಡಿತು. ಪಡಸಾಲೆ ದಾಟಿ, ತುಳಸಿಕಟ್ಟೆಗೆ ಒಮ್ಮೆ ಡಿಕ್ಕಿ ಹೊಡೆದು, ದಿಕ್ಕು ಬದಲಿಸಿ ರಸ್ತೆಯ ಕಡೆ ಹೊರಟಿತು. ಹಾಲಿನವ ಸೈಕಲ್ಲಿನಿಂದ ಇಳಿದು ಅದಕ್ಕೆ ದಾರಿ ಬಿಟ್ಟ.

ಆಮೇಲೆ ಹಳಿಯಾಳದ ಕಡೆಯ ಬಡಿಗ ಬಸ್ತ್ಯಾಂವನ ನೆನಪಾಯಿತು. ನಿಮ್ಮ ಅಜ್ಜನ ಕಾಲದಿಂದ ನಮ್ಮ ಮನೆಯ ಬಾಗಿಲು ಕಿಟಕಿ ಎಲ್ಲ ಅವನ ಕೈಯವೇ. ಸಿದ್ದಿ ಜನರ ಹಳ್ಳಿಯವನು, ನನ್ನನ್ನು ಮರ್ಯಾದೆಯಿಂದ 'ಬಾಯಿ' ಎಂದು ಕರೆಯುವವನು, ನಮ್ಮ ಚೌಕಟ್ಟಿನಲ್ಲಿ ತಲೆ ತಗ್ಗಿಸಿ ಬರುವಷ್ಟು ಎತ್ತರದ ಆಳು. ಗೂಡು ಹೇಗಿರಬೇಕೆಂದು ದನದ ದವಾಖಾನೆಯ ಕಂಪೌಂಡರನನ್ನು ಸುಮಾ ಕೇಳಿ ಬಂದಿದ್ದಳು. ನಾಯಿ ನಿಂತರೆ ತಲೆ ತಾಗಬಾರದು, ಸುತ್ತು ತಿರುಗಿ ಕಾಲು ಚಾಚಿ ಮಲಗಲು ಬರಬೇಕು, ಅದಕ್ಕಿಂತ ದೊಡ್ಡದಾದರೆ ಒಂದು ಮೂಲೆಯಲ್ಲಿ ಹೊಲಸು ಮಾಡಿ ಇನ್ನೊಂದು ಮೂಲೆಯಲ್ಲಿ ಮಲಗುತ್ತದೆ. ಬೆಳೆಯುವ ಮರಿಯಲ್ಲವೇ ಎಂದು ಸ್ವಲ್ಪ ಜಾಸ್ತಿ ಹಿಡಿದು, ಮಲಗಿದ್ದ ತೆನಿಯ ಪಕ್ಕ ಗೇಣು ಹಾಕಿ ಅಳೆದೆ. ನಾಲ್ಕು ಗೇಣು ಉದ್ದ, ಮೂರು ಗೇಣು ಅಗಲ, ಮೂರೂವರೆ ಗೇಣು ಎತ್ತರ. ಬಸ್ತ್ಯಾಂವನಿಗೆ ಫೋನಿನಲ್ಲಿ ಹಾಗೆಯೇ ಹೇಳಿದೆ. ಅವನು, "ಯಾರ ಗೇಣು, ಬಾಯಿ?" ಎಂದು ಕೇಳಿದ. ನೋಡಿ, ಸರಿಯಾದ ಪ್ರಶ್ನೆ. ಆದರೆ ಪರಗಂಡಸಿನ ಜೊತೆ ನನ್ನ ಕೈಬೆರಳುಗಳ ವಿಷಯ ಮಾತಾಡುವುದು ಹೇಗೆ ಎಂದು ಸಂಕೋಚವಾಗಿ, ಗೇಣೆಂದರೆ ಗೇಣು ಎಂದು ಫೋನ್ ಇಟ್ಟುಬಿಟ್ಟೆ.

ಎಂಟನೆಯ ದಿನ ಟೆಂಪೋದಲ್ಲಿ ಗೂಡು ಬಂತು. ಕರುವನ್ನು ಕಟ್ಟಬಹುದಿತ್ತು. ಬಸ್ತ್ಯಾಂವ ತನ್ನ ಗೇಣಿನಿಂದ ಅಳೆದಿದ್ದ. ಅವನು ಗೇಣು ಹಾಕಿದರೆ ನನ್ನ ಗೇಣು ಒಂದೂವರೆ ಸಲ ಅದರೊಳಗೆ ಹಿಡಿಯುತ್ತದೆ. ಕೆಲಸ ಮಾತ್ರ ಬಹಳ ಚೆಂದ. ಉದ್ದಕ್ಕೂ ಗಾಳಿಯಾಡುವ ಪಟ್ಟಿಗಳು, ಮೂಲೆಗಳನ್ನೆಲ್ಲ ಉಜ್ಜಿ ನುಣುಪು ಮಾಡಿದ್ದ, ಬಾಗಿಲಿಗೆ ಹಿತ್ತಾಳೆಯ ಚಿಲಕ. ಅವನು ಗೂಡನ್ನೊಮ್ಮೆ ನೋಡಿ, ನನ್ನ ಸೆರಗಿನ ಹಿಂದಿನಿಂದ ಇಣುಕುತ್ತಿದ್ದ ತೆನಿಯನ್ನೊಮ್ಮೆ ನೋಡಿದ. "ನಾಯಿ ಎಲ್ಲೈತ್ರಿ ಬಾಯಿ? ಇದು ಮರಿಯಾತು, ದೊಡ್ಡದು ಯಾವಾಗ ಬರ್ತೈತಿ?" ಎಂದು ಕೇಳಿದ. ತಪ್ಪು ನನ್ನದೇ ಎಂದು ನಾನು ಒಪ್ಪಿಕೊಂಡೆ. ಅವನು ನಗುತ್ತಾ ಅಲ್ಲೇ ಕೂತು, ಒಳಗೆ ಅಡ್ಡಲಾಗಿ ಹಾಕಿ ತೆಗೆಯಬಹುದಾದ ಒಂದು ಹಲಗೆ ಮಾಡಿಕೊಟ್ಟ. ಮರಿ ಬೆಳೆದಂತೆ ಹಲಗೆ ಹಿಂದೆ ಸರಿಸಿದರಾಯಿತು. ಗೂಡು ಬಾಗಿಲಲ್ಲಿ ಹಿಡಿಯದ್ದರಿಂದ ಪಡಸಾಲೆಯಲ್ಲೇ ಇರಲಿ ಎಂದು ಎಲ್ಲರೂ ಹೇಳಿದರು. ಮೋತಿ ಹೋದದ್ದು ಅಲ್ಲಿಂದಲೇ; ಪಡಸಾಲೆ ಎಂದ ಕೂಡಲೇ ನಾನು ಗೂಡಿಗೆ ಅಡ್ಡ ನಿಂತುಬಿಟ್ಟೆ. ಕೊನೆಗೆ ಬಸ್ತ್ಯಾಂವ ಅದನ್ನು ಪೂರ್ತಿ ಬಿಚ್ಚಿ, ಒಳಗೆ ನಡುಮನೆಗೆ ಒಯ್ದು, ಮತ್ತೆ ಜೋಡಿಸಿದ.

ಒಳಗೆ ಬಂತು, ಎಲ್ಲಿಡುವುದು? ಟಿವಿಯ ಪಕ್ಕ ಇಟ್ಟರೆ ತೆನಿ ಜಾಹೀರಾತಿಗೆಲ್ಲ ಬೊಗಳಿತು. ಧಾರಾವಾಹಿಗೆ ಬೊಗಳುತ್ತಿರಲಿಲ್ಲ, ಅದಕ್ಕೂ ಕಥೆ ಹಿಡಿಸಿತ್ತೋ ಏನೋ. ಅಡುಗೆಮನೆಯ ಗೋಡೆಗೆ ಹಚ್ಚಿ ಇಟ್ಟರೆ ನಾನು ರೊಟ್ಟಿ ಬಡಿಯುವ ಸಪ್ಪಳಕ್ಕೆ ಬೆಚ್ಚಿ ಎದ್ದು ಕೂಡುತ್ತಿತ್ತು. ಕಿಟಕಿಯ ಕೆಳಗೆ ಇಟ್ಟರೆ ಮುಸಿಯ ಮಂಗಗಳು ಸರಳಿನ ಸಂದಿಯಿಂದ ಕೈ ಹಾಕಿ ಅದರ ಹಾಸಿಗೆ ಎಳೆದವು. ಕಬ್ಬಿಣದ ಕಪಾಟಿನ ಪಕ್ಕ ಇಟ್ಟರೆ ಅದರ ಎರಡನೆಯ ಬಾಗಿಲೂ ತೆರೆಯದಂತಾಯಿತು. ಪ್ರತಿ ಸಲವೂ ನಾನೂ ಸುಮಾಳೂ ಅದನ್ನು ಎಳೆದಾಡಿ, ನೆಲದ ಮೇಲೆ ಗೀರುಗಳು ದಾಂಡೇಲಿಯಿಂದ ಜೋಯಿಡಾಕ್ಕೆ ಹೋಗುವ ರಸ್ತೆಯಂತೆ ಸುತ್ತಿ ಬಳಸಿ ಮೂಡಿದವು. ಅಷ್ಟರಲ್ಲಿ ಇಪ್ಪತ್ತು ದಿನ ಕಳೆದಿತ್ತು. ತೆನಿ ಒಂದು ಸಲವೂ ತಾನಾಗಿ ಒಳಗೆ ಹೋಗಿರಲಿಲ್ಲ. ನನ್ನ ಹಳೆಯ ಇಳಕಲ್ ಸೀರೆ ಹಾಸಿದೆ, ಹಾಲಿನಲ್ಲಿ ಕಲಸಿದ ರೊಟ್ಟಿ ಇಟ್ಟೆ. ಅದು ಹೊರಗೆ ನಿಂತು ಕುತ್ತಿಗೆ ಚಾಚಿ ರೊಟ್ಟಿ ತಿಂದು, ಸೀರೆಯನ್ನು ಕಚ್ಚಿ ಹೊರಗೆಳೆದು, ಅದರ ಮೇಲೆ ಮಲಗುತ್ತಿತ್ತು.

ಬೈಯುವ ಹಾಗಿಲ್ಲ, ದೂಡುವ ಹಾಗಿಲ್ಲ ಎಂದು ಕಂಪೌಂಡರ ಹೇಳಿ ಕಳಿಸಿದ್ದ. ಮತ್ತೇನು ಉಳಿಯಿತು? ಒಂದು ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದಾಗ, ಅಡ್ಡಹಲಗೆ ತೆಗೆದು ನಾನೇ ಒಳಗೆ ಹೋಗಿ ಕೂತೆ. ಬಸ್ತ್ಯಾಂವನ ಗೇಣು ಅಂದು ಉಪಯೋಗಕ್ಕೆ ಬಂತು. ಮೊಣಕಾಲು ಮಡಚಿ, ತಲೆ ತಗ್ಗಿಸಿ ಕೂತರೆ ನಾನು ಸರಿಯಾಗಿ ಹಿಡಿದೆ. ತೆನಿ ಆಶ್ಚರ್ಯದಿಂದ ನೋಡಿ, ಒಂದೊಂದೇ ಕಾಲಿಡುತ್ತಾ ಒಳಗೆ ಬಂದು ನನ್ನ ತೊಡೆಯ ಮೇಲೆ ಮಲಗಿತು. ನನಗೆ ಕಣ್ಣು ತುಂಬಿ ಬಂತು. ಒಳಗೆ ತಂಪಾಗಿತ್ತು, ಹೊಸ ಕಟ್ಟಿಗೆಯ ವಾಸನೆ ಇತ್ತು. ಸಣ್ಣಗೆ ನಿದ್ದೆ ಹತ್ತಿತು. ಎಚ್ಚರವಾದಾಗ ಪಟ್ಟಿಗಳ ಆಚೆ ಎರಡು ಬೂಟು ಕಂಡವು. ಮೊದಲ ಪಾಳಿ ಮುಗಿಸಿ ಮಹೇಶ ಬಂದಿದ್ದ.

ಒಂಬತ್ತು ವರ್ಷ ಅಳಿಯನ ಎದುರು ಬಾರದವಳು ನಾಯಿಯ ಗೂಡಿನಲ್ಲಿ ಸಿಕ್ಕಿದ್ದೆ. ಹೊರಗೆ ಬರಬೇಕೆಂದರೆ ಮೊಣಕಾಲೂರಿ ಅವನ ಕಾಲ ಹತ್ತಿರವೇ ಬರಬೇಕು. ನಾನು ಇದ್ದಲ್ಲೇ ತಲೆಯ ಮೇಲೆ ಸೆರಗು ಹೊದ್ದುಕೊಂಡೆ. ಅವನು ಗೋಡೆಯ ಕ್ಯಾಲೆಂಡರಿಗೆ, "ನಾ ಹಿತ್ತಲಕ ಹೋಗಿ ಕೈಕಾಲು ತೊಳಕೊಂಡು ಬರ್ತೇನಿ. ಸಾವಕಾಶ ಆಗಲಿ," ಎಂದು ಹೇಳಿ ಹೊರಟುಹೋದ. ಕೆಟ್ಟ ಹುಡುಗನಲ್ಲ.

ನಾನಿದ್ದರೆ ತೆನಿ ಒಳಗೆ ಬರುತ್ತಿತ್ತು. ಆದರೆ ಷರತ್ತು ತಾನಾಗಿ ಹೋಗಬೇಕೆಂದು. ದಿನಾ ಮುಸ್ಸಂಜೆ ನಾನು ಗೂಡಿನಲ್ಲಿ ಕೂತರೆ ಮನೆಯಲ್ಲಿ ದೀಪ ಹಚ್ಚುವವರು ಯಾರು? ಇನ್ನು ಮೂರು ದಿನ ಉಳಿದಿರುವಾಗ ಕರೆಂಟಿನವನು ಮೀಟರ್ ನೋಡಲು ಬಂದ. ನಾನು ಎಂದಿನಂತೆ ನಡುಮನೆಯ ಬಾಗಿಲ ಹಿಂದೆ ಹೋಗಿ ನಿಂತೆ. ಹೊರಗಿನವರು ಯಾರೇ ಬರಲಿ, ನಾನು ನಿಲ್ಲುವುದು ಅಲ್ಲೇ. ಬಾಗಿಲ ಸಂದಿಯಿಂದ ಎಲ್ಲರೂ ಕಾಣುತ್ತಾರೆ, ನಾನು ಯಾರಿಗೂ ಕಾಣುವುದಿಲ್ಲ. ಕೆಳಗೆ ಕಾಲಿಗೇನೋ ಮೆತ್ತಗೆ ತಾಗಿತು. ತೆನಿ ನನಗಿಂತ ಮೊದಲೇ ಬಂದು ಮೂಲೆಗೆ ಮೂಗು ಹಚ್ಚಿ ನಿಂತಿತ್ತು. ಇಷ್ಟು ದಿನ ಮನೆಯ ಜಾಗವನ್ನೆಲ್ಲ ಅದಕ್ಕೆ ತೋರಿಸಿದ್ದೆ, ನನ್ನ ಜಾಗವೊಂದನ್ನು ಬಿಟ್ಟು. ಒಂದು ಗಳಿಗೆ ಮನಸ್ಸು ಹಿಂದೆಮುಂದೆ ಆಯಿತು ಎಂದು ನಿಮಗೆ ನಿಜವನ್ನೇ ಹೇಳುತ್ತೇನೆ. ಆಮೇಲೆ ಸುಮಾಳನ್ನು ಕರೆದು, ಗೂಡನ್ನು ಎಳೆದು ಆ ಮೂಲೆಯಲ್ಲಿಟ್ಟೆ.

ಕೊನೆಯ ದಿನ, ಹೊತ್ತು ಇಳಿಯುವ ಮೊದಲೇ ಸಾಹೇಬರು ಹೆಂಡತಿಯೊಡನೆ ಕಾರಿನಲ್ಲಿ ಬಂದರು. ಮಹೇಶ ಹೇಳಿಟ್ಟಿದ್ದ, ಅವರು ಆಸೆಯಿಂದ ಬಂದಿದ್ದರು. ಆಕೆಯ ಕೈಯಲ್ಲಿ ಕೆಂಪು ಕೊರಳಪಟ್ಟಿಯೂ ಬಿಸ್ಕೀಟಿನ ಪುಡಿಕೆಯೂ ಇದ್ದವು. ಬೂಟಿನ ಸಪ್ಪಳ ಕೇಳಿದ್ದೇ ನಾನು ಬಾಗಿಲ ಹಿಂದೆ ಓಡಿದೆ. ಅಲ್ಲಿ ಜಾಗ ಎಲ್ಲಿದೆ? ಗೂಡು ಇದೆ, ಗೂಡಿನೊಳಗೆ ತೆನಿ ಇದೆ. ಯಾರೂ ಕರೆಯದೆ, ರೊಟ್ಟಿ ಇಡದೆ, ನಮ್ಮೆಲ್ಲರಿಗೆ ಬೆನ್ನು ತಿರುಗಿಸಿ ಮಲಗಿದೆ. ಆಕೆ ಬಂದು ಬಗ್ಗಿ ಬಿಸ್ಕೀಟು ತೋರಿಸಿ ಎಷ್ಟು ಮುದ್ದಿನಿಂದ ಕರೆದರೂ ಅದು ಕಿವಿ ಸಹ ಅಲುಗಿಸಲಿಲ್ಲ. ಹೊರಗೆ ತೆಗೆಯುತ್ತೀರಾ ಎಂದು ಆಕೆ ನನ್ನನ್ನೇ ಕೇಳಿದಳು. ಸುಮಾ ಆಸ್ಪತ್ರೆಯಲ್ಲಿದ್ದಳು. ಮಹೇಶ ನೆಲ ನೋಡುತ್ತಿದ್ದ. ನನ್ನ ಬೆನ್ನಿಗೆ ಗೂಡಿನ ಬಾಗಿಲು ಹತ್ತಿತ್ತು.

"ತೆಗಿಯೂದಿಲ್ರಿ," ಎಂದೆ. ನನ್ನ ಧ್ವನಿ ಇಷ್ಟು ದೊಡ್ಡದಿದೆ ಎಂದು ನನಗೇ ಗೊತ್ತಿರಲಿಲ್ಲ. "ಅದು ತಾನಾಗೇ ಹೋಗಿ ಮಲಗೇತಿ. ಮಹೇಶಪ್ಪಾ, ನೀನ ಹೇಳಿದ್ದಿ. ಇನ್ನ ಅದು ಎಲ್ಲಿಗೂ ಹೋಗೂದಿಲ್ಲ."

ಮಹೇಶ ತಲೆ ಎತ್ತಿ, ಗೋಡೆಯನ್ನಲ್ಲ, ನನ್ನನ್ನು ನೋಡಿದ. "ಆತ್ರಿ, ಅತ್ತಿ," ಎಂದ. ಆಮೇಲೆ ಸಾಹೇಬರಿಗೆ ಏನೇನೋ ಸಮಾಧಾನ ಹೇಳಿದ. ಅವರು ಒಳ್ಳೆಯವರು, ಚಹಾ ಕುಡಿದು, ಪಟ್ಟಿಯನ್ನು ತೆನಿಗೇ ಕೊಟ್ಟು ಹೋದರು.

ಅಂದು ಅದು ಕಲಿತು ಒಳಗೆ ಹೋದದ್ದಲ್ಲ, ಅಂಜಿ ಹೋದದ್ದು ಎಂದು ನೀವು ತಕರಾರು ತೆಗೆಯಬಹುದು. ನಿಜ. ಆದರೆ ಮರುದಿನ ಯಾರೂ ಬಂದಿರಲಿಲ್ಲ, ಆದರೂ ನಾನು ದೀಪ ಹಚ್ಚುವ ಹೊತ್ತಿಗೆ ಅದೇ ನಡೆದು ಹೋಗಿ ಮಲಗಿತು. ಮಹೇಶ ಹೋಗಿ ಹಿತ್ತಾಳೆಯ ಚಿಲಕ ಹಾಕಿ, ಎರಡು ಸಲ ಎಳೆದು ನೋಡಿದ. ಈಗ ದಿನವೂ ಹಾಗೇ.

ತೊಂದರೆ ಆಗಿರುವುದು ನನಗೆ. ಮನೆಗೆ ಯಾರು ಬಂದರೂ ಬಾಗಿಲ ಹಿಂದೆ ಅದೇ ಹೋಗುತ್ತದೆ, ಹೊರಗೆ ನಿಂತು ಮಾತಾಡಿಸುವುದು ನನ್ನ ಪಾಲಿಗೆ ಬಂದಿದೆ. ಮೊನ್ನೆ ಮದುವೆಯ ಪತ್ರಿಕೆ ಹಂಚಲು ಬಂದ ಅಪರಿಚಿತ ಗಂಡಹೆಂಡತಿಗೆ, ಇಡೀ ಧೈರ್ಯ ಒಟ್ಟುಗೂಡಿಸಿಕೊಂಡು, "ಬರ್ರಿ, ಕೂಡ್ರಿ" ಎಂದೆ. ಅವರು ಬಂದರು, ಕೂತೂ ಬಿಟ್ಟರು. ಮುಂದೆ ಏನು ಹೇಳಬೇಕು ಎಂದು ನಾನು ಯೋಚಿಸಿಯೇ ಇರಲಿಲ್ಲ.