ಕಥೆ ಬರೆಯುವ ಅಕ್ಕನಿಗೆ ಅಂಚೆ ಹಂಚಿದ ದಿನಗಳು

ಅಂಚೆಯವನು ನಗು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದೇ ವಿಳಾಸ ಕೇಳಿಕೊಂಡು ಬರುತ್ತದೆ. ನನಗಂತೂ ತೊಂಬತ್ತರ ದಶಕದ ಕೊನೆಯಲ್ಲಿ ತಮಿಳು ಸೀಮೆಯ ನಮ್ಮೂರು ಮಾರ್ಕಯನ್‌ಕೋಟ್ಟೈಯ ಒಂದೇ ಮನೆಯಿಂದ ವಾರಕ್ಕೊಂದು ಬಂತು. ಆ ಮನೆಯ ಸೊಸೆ ಹರೆಯದ ಹುಡುಗ ಹುಡುಗಿಯರಿಗಾಗಿ ಕಾದಂಬರಿ ಬರೆಯುತ್ತಿದ್ದಳು. ನಮ್ಮ ಮನೆಮಾತು ಕನ್ನಡವಾದರೂ ಓದು ಬರಹವೆಲ್ಲ ತಮಿಳು. ಅವಳು ಬರೆಯುತ್ತಿದ್ದುದೂ ತಮಿಳಿನಲ್ಲೇ, ಮದರಾಸಿನ ಒಂದು ವಾರಪತ್ರಿಕೆಗೆ. ಊರಿಗೆಲ್ಲ ಅವಳು ಅಕ್ಕ, ನನಗೂ.

೧. ಮೊದಲ ಮೂಟೆ

ಆ ಮನೆಗೆ ವರ್ಷಕ್ಕೆ ಒಂದು ಕಾಗದ ಬಂದರೆ ಹೆಚ್ಚು. ಪತ್ರಿಕೆಯಲ್ಲಿ ಅವಳ ಧಾರಾವಾಹಿ ಶುರುವಾದ ಮೂರನೇ ವಾರ ನಾನು ಸೈಕಲ್ಲಿನ ಹಿಂದೆ ಒಂದು ಮೂಟೆ ಕಟ್ಟಿಕೊಂಡು ಹೋಗಿ ಜಗಲಿಯ ಮೇಲೆ ಸುರಿದೆ. ಅಕ್ಕನ ಅತ್ತೆ, ಮುದಿ ಅಜ್ಜಿ, ಎದೆಗೆ ಕೈ ಇಟ್ಟುಕೊಂಡು ಕೂತುಬಿಟ್ಟಿತು.

"ಇಷ್ಟೊಂದ್ ಕಾಗ್ದವಾ! ಯಾರ್ ಯಾರ್ ಸತ್ತೋದ್ರಪ್ಪಾ?"

"ಯಾರೂ ಸತ್ತಿಲ್ಲ ಅಜ್ಜಿ, ನಿಮ್ಮ ಸೊಸೆ ಕಥೆ ಓದಿದವರು ಬರೆದವ್ರೆ" ಎಂದು ಒಂದನ್ನು ಒಡೆದು ಕನ್ನಡದಲ್ಲಿ ಹೇಳಿದೆ: "ಅಕ್ಕಾ, ನಿಮ್ಮ ಕಥೆಯ ಹುಡುಗಿ ನಾನೇ. ನಮ್ಮ ಮನೆ ವಿಷಯ ನಿಮಗೆ ಹೇಳಿದ್ದು ಯಾರು?" ಎರಡನೆಯದರಲ್ಲೂ ಅದೇ. ಮೂರನೆಯದರಲ್ಲೂ ಅದೇ.

ಕಂಡೇ ಇರದ ಮಕ್ಕಳ ಮನಸ್ಸಿನೊಳಗೆ ಈ ಹೆಂಗಸು ಹೊಕ್ಕಿದ್ದು ಹೇಗೆ ಎಂದು ನಾನು ಬೆರಗಾಗಿ ನಿಂತಿದ್ದೆ. ಅಜ್ಜಿ ಮಾತ್ರ ಸೊಸೆಯನ್ನು ಹತ್ತಿರ ಕರೆದು ಮೆತ್ತಗೆ ಕೇಳಿತು, "ನಿಜ ಹೇಳವ್ವಾ. ಯಾರ್ ಯಾರ್ ಮನೆ ಕಿಟಕೀಲಿ ಇಣುಕಿದ್ದೆ?"

೨. ಇಳಿಯದ ಪ್ರಯಾಣಿಕಳು

ಒಂದು ದಿನ ಚಿನ್ನಮನೂರಿನ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ನನ್ನನ್ನು ಪಕ್ಕಕ್ಕೆ ಎಳೆದ. "ನಿಮ್ಮೂರಿನ ಆ ಅಮ್ಮ ವಾರವಾರ ತೇನಿಗೆ ಟಿಕೆಟ್ ತಗೊಳ್ತಾರೆ. ತೇನೀಲಿ ಇಳಿಯೋದೇ ಇಲ್ಲ, ಅದೇ ಬಸ್ಸಲ್ಲಿ ವಾಪಸ್ ಬರ್ತಾರೆ. ಮನೇಲಿ ಏನಾದ್ರೂ ಜಗಳವಾ?"

"ಜಗಳ ಅಲ್ಲಪ್ಪಾ. ಅದು ಕಾಲೇಜ್ ಮಕ್ಕಳು ಹತ್ತೋ ಬಸ್ಸು. ಅವರ ಮಾತು ಕೇಳೋಕೆ ಬರ್ತಾರೆ, ಕಥೆ ಬರೀತಾರೆ" ಎಂದೆ.

ಮುಂದಿನ ವಾರ ನಾನೂ ಅದೇ ಬಸ್ಸಿನಲ್ಲಿದ್ದೆ. ಅಕ್ಕ ಹತ್ತುತ್ತಲೇ ಕಂಡಕ್ಟರ್ ಬಗ್ಗಿ ಗುಟ್ಟಾಗಿ ಹೇಳಿದ: "ಅಮ್ಮಾ, ಇವತ್ತು ಎಡಗಡೆ ಮೂರನೇ ಸೀಟಲ್ಲಿ ಕೂತ್ಕೊಳಿ. ಕಾಲೇಜ್ ಮಕ್ಕಳ ನಿನ್ನೆಯ ಜಗಳ ಅಲ್ಲೇ ಮುಂದುವರಿಯುತ್ತೆ."

೩. ಬೂತಿನ ಮುಂದಿನ ಸಾಲು

ಇದನ್ನು ಹೇಳುವಾಗ ಮೊದಲು ನಗು ಬರುವುದಿಲ್ಲ. ಕಥೆಯ ಹುಡುಗಿ ಹತ್ತನೇ ಕ್ಲಾಸಿನಲ್ಲಿ ಫೇಲಾಗಿ, ಚೀಟಿ ಬರೆದಿಟ್ಟು ಮನೆ ಬಿಟ್ಟು ಹೋಗಿದ್ದಳು. ನಿಜವಾದ ರಿಸಲ್ಟ್ ಬಂದದ್ದೂ ಆಗಲೇ. ನಾನು ಕೊಟ್ಟ ಕಾಗದಗಳಲ್ಲಿ ಒಂದನ್ನು ಓದಿ ಅಕ್ಕ ಅದನ್ನು ನನ್ನ ಮುಂದೆ ಹಿಡಿದಳು. "ನಾನೂ ಫೇಲ್. ಅವಳು ಮನೆಗೆ ಬಂದರೆ ನಾನೂ ಇರುತ್ತೇನೆ. ಬರದಿದ್ದರೆ ನಾನೂ ಹೋಗುತ್ತೇನೆ." ಹೆಸರಿಲ್ಲ, ವಿಳಾಸವಿಲ್ಲ. ಒಡ್ಡನ್‌ಛತ್ರಂ ಊರಿನ ಅಂಚೆ ಮೊಹರು ಮಾತ್ರ.

"ತಂಬಿ, ಕಥೇಲಿ ಇನ್ನೂ ಐದು ವಾರ ಆ ಹುಡುಗಿ ಊರೂರು ಅಲೀಬೇಕಿತ್ತು. ಈ ವಾರದ ಕಂತು ಹಾಗೇ ಬರೆದು ಕಳಿಸಿಬಿಟ್ಟಿದೀನಿ. ನಾಳೆ ಅಚ್ಚಾಗುತ್ತೆ" ಎಂದಳು.

ನನ್ನ ಸೈಕಲ್ಲಿನಲ್ಲೇ ಕೂರಿಸಿಕೊಂಡು ಚಿನ್ನಮನೂರಿನ ಎಸ್‌ಟಿಡಿ ಬೂತಿಗೆ ಕರೆದೊಯ್ದೆ. ಕೈಯಲ್ಲಿ ಒಂದು ಹಾಳೆಯೂ ಇಲ್ಲ. ನಿಂತಲ್ಲೇ ಹೊಸ ಕಂತನ್ನು ಕಟ್ಟಿ, ಪತ್ರಿಕೆಯವರಿಗೆ ಫೋನಿನಲ್ಲೇ ವಾಕ್ಯ ವಾಕ್ಯವಾಗಿ ಹೇಳಿ ಬರೆಸಿದಳು. ಅಷ್ಟು ವರ್ಷ ಕಥೆಗಳನ್ನು ಹೊತ್ತು ತಿರುಗಿದ್ದೆ. ಕಥೆ ಹುಟ್ಟುವುದನ್ನು ಕಂಡದ್ದು ಅದೇ ಮೊದಲು. ಹಿಂದೆ ಸಾಲು ಬೆಳೆಯಿತು. ಯಾರೂ ಬೇಗ ಮುಗಿಸಿ ಎನ್ನಲಿಲ್ಲ. ಹುಡುಗಿ ಮನೆ ಬಾಗಿಲಿಗೆ ಬಂದು ನಿಂತಾಗ, ಅವಳ ಅಪ್ಪ ಏನೂ ಕೇಳದೆ "ಬಾ, ಊಟ ಮಾಡು" ಎಂದಾಗ, ಸಾಲಿಗೆ ಸಾಲೇ ಮೂಗು ಒರೆಸಿಕೊಂಡಿತು.

ಮುಂದಿನ ಸರದಿ ಒಬ್ಬ ರೈತನದು. ಎಮ್ಮೆ ಕರು ಹಾಕಿದ್ದನ್ನು ತಿರುಪ್ಪೂರಿನ ಮಗನಿಗೆ ತಿಳಿಸಲು ಬಂದಿದ್ದ. ಫೋನ್ ಹಿಡಿದವನೇ ಕೂಗಿದ: "ಮಗಾ! ಹುಡುಗಿ ಮನೆಗೆ ಬಂದ್ಲು ಕಣೋ!"

೪. ಲಾರಿ ನಿಂತಿತು

ಕೆಲವು ತಿಂಗಳಾದ ಮೇಲೆ ಟೊಮೇಟೊ ತುಂಬಿ ಕೇರಳಕ್ಕೆ ಹೊರಟಿದ್ದ ಲಾರಿಯೊಂದು ಅಕ್ಕನ ಬೀದಿಗೆ ನುಗ್ಗಿತು. ಇಳಿದವರು ಒಡ್ಡನ್‌ಛತ್ರಂನ ತರಕಾರಿ ವ್ಯಾಪಾರಿ. ಕುರಿ ಕೊಂಬಿನಂಥ ಮೀಸೆ. "ಕಥೆ ಬರ್ಯೋ ಹೆಂಗ್ಸು ಯಾರು?" ಎಂದು ಗುಡುಗಿದರು. ನಾನು ಸೈಕಲ್ ಅಡ್ಡ ಹಾಕಿದೆ. ಅವರ ಬೆನ್ನ ಹಿಂದಿನಿಂದ ಒಬ್ಬ ಹುಡುಗಿ ಮುಂದೆ ಬಂದು, "ಅಕ್ಕಾ, ಆ ಕಾಗದ ಬರೆದಿದ್ದು ನಾನು" ಎಂದಳು. ಅಕ್ಕ ಅವಳನ್ನು ತಬ್ಬಿಕೊಂಡು ಬಹಳ ಹೊತ್ತು ಬಿಡಲೇ ಇಲ್ಲ.

ವ್ಯಾಪಾರಿ ಮುಂದೆ ಬಂದು ಕೈ ಮುಗಿದರು. "ನಂಗೆ ಓದಕ್ಕೆ ಬರಾಕಿಲ್ಲ ತಾಯಿ. ವಾರವಾರ ನನ್ ಮಗಳು ಇವಳೇ ಓದಿ ಹೇಳ್ತಾಳೆ. ಇವಳೂ ಮತ್ತೆ ಪರೀಕ್ಷೆ ಬರೆದವ್ಳೆ, ರಿಸಲ್ಟ್ ಬಂದಿಲ್ಲ. ನಿಮ್ಮ ಕಥೆ ಹುಡುಗೀನೂ ಬರೆದವ್ಳೆ. ಅವಳು ಪಾಸಾಗ್ತಾಳಾ?"

"ನನಗೇ ಇನ್ನೂ ಗೊತ್ತಿಲ್ಲ ಅಣ್ಣಾ. ಬರೀಬೇಕು."

"ಬಿತ್ತಿದವರಿಗೇ ಗೊತ್ತಿಲ್ಲ ಅಂದ್ರೆ! ಆಗ್ಲಿ, ಬರೀರಿ. ನಾನ್ ಇಲ್ಲೇ ಕುಂತಿರ್ತೀನಿ" ಎಂದು ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟರು.

ಅಕ್ಕ ನಿಜವಾಗಿಯೂ ಬರೆಯಲು ಕೂತಳು. ಒಂದೊಂದು ಹಾಳೆ ಮುಗಿದಂತೆ ಆ ಹುಡುಗಿ ಗಟ್ಟಿಯಾಗಿ ಓದಿದಳು. ಬೀದಿಯೆಲ್ಲ ಬಂದು ನೆರೆಯಿತು. ನಾನು ಹಂಚಬೇಕಾದ ಅಂಚೆ ಚೀಲದಲ್ಲೇ ಉಳಿಯಿತು. ಅದನ್ನು ಪಡೆಯಬೇಕಾದವರೆಲ್ಲ ಅಲ್ಲೇ ಇದ್ದರು. ಕೊನೆಯ ಹಾಳೆ ಓದಿದಾಗ ಆ ದೊಡ್ಡ ಮೀಸೆ ಟವಲಿನೊಳಗೆ ಮುಚ್ಚಿಹೋಯಿತು.

ಅವರು ಕಣ್ಣೊರೆಸಿಕೊಂಡು ಬೀದಿಯ ಕೊನೆಯಲ್ಲಿ ನಿಂತಿದ್ದ ಲಾರಿಯ ಬಳಿ ಹೋದರು. ಬಿಸಿಲಿಗೆ ಟೊಮೇಟೊ ರಸ ಹಲಗೆಯ ಸಂದಿನಿಂದ ತೊಟ್ಟಿಕ್ಕುತ್ತಿತ್ತು. ಸ್ಟಿಯರಿಂಗ್ ಬಿಟ್ಟು ಕದಲದ ಡ್ರೈವರ್ ಕೆಂಡವಾಗಿದ್ದ. "ಏನಣ್ಣಾ, ಇಷ್ಟು ಹೊತ್ತು ಮಾಡಿಬಿಟ್ರಿ!"

"ಸುಮ್ನಿರೋ. ಆ ಹುಡುಗಿ ಪಾಸೋ ಫೇಲೋ ಅಂತ ಅಲ್ಲಿ ನನ್ನ ಜೀವ ಹೋಗ್ತಿತ್ತು. ನಿಂಗೆ ಟೊಮೇಟೊ ಚಿಂತೆ!"

"ಟೊಮೇಟೊ ಹಾಳಾಗೋಗ್ಲಿ!" ಡ್ರೈವರ್ ಅರಚಿದ. "ಇಲ್ಲೀಗಂಟ ಏನೂ ಕೇಳಿಸ್ಲಿಲ್ಲ. ಪಾಸಾದ್ಲಾ?"