ಟಪಾಲು ಗುಮಾಸ್ತನ ವಂಶಾವಳಿ

ಇಲಿಗೆ ಸ್ವಲ್ಪ ದಯೆ ಇದ್ದಿದ್ದರೆ ಊರ ಚರಿತ್ರೆಯ ಆ ಪುಸ್ತಕವನ್ನು ಪೂರ್ತಿ ತಿಂದು ಪುಣ್ಯ ಕಟ್ಟಿಕೊಳ್ಳುತ್ತಿತ್ತು. ಹಾಳಾದ್ದು ಅರ್ಧ ತಿಂದು ಅರ್ಧ ಬಿಟ್ಟಿತು. ಉಳಿದ ಅರ್ಧ ಬೆಳಗ್ಗೆ ಹತ್ತೂಕಾಲಿಗೆ ನೀರು ಸರಬರಾಜು ಕಚೇರಿಯ ಟಪಾಲು ಗುಮಾಸ್ತನ ಮೇಜಿನ ಮೇಲೆ ಬಂದು ಬಿತ್ತು. ತಂದುಹಾಕಿದವನು ರೆಕಾರ್ಡ್ ರೂಮಿನವನು. ಬುದ್ಧಿ ಇದ್ದವರು ಅವನು ಕೊಟ್ಟದ್ದನ್ನು ಎರಡು ಸಲ ತಿರುಗಿಸಿ ನೋಡುತ್ತಾರೆ. ನಮ್ಮ ಗುಮಾಸ್ತ ಕಣ್ಣಿಗೊತ್ತಿಕೊಂಡ.

ಅವನ ಕಷ್ಟ ಸಣ್ಣದಲ್ಲ. ಮೂವತ್ತು ಮೈಲಿ ಆಚೆಯ ಪಂಪ್‌ಹೌಸಿಗೆ ಒಬ್ಬರನ್ನು ಎತ್ತಂಗಡಿ ಮಾಡುತ್ತಾರೆ, ಸಂಜೆ ಪಟ್ಟಿ ಬರುತ್ತದೆ ಎಂದು ಕಚೇರಿಯೆಲ್ಲ ಗುಸುಗುಸು. ಹೋದವನು ಕ್ವಾರ್ಟರ್ಸ್ ಬಿಡಬೇಕು. ಹನ್ನೊಂದು ವರ್ಷ ಅರ್ಜಿ ಹಾಕಿ ಮೊನ್ನೆಮೊನ್ನೆ ದಕ್ಕಿಸಿಕೊಂಡ ಎರಡು ಕೋಣೆಯ ಮನೆ ಅದು. ನಲ್ಲಿಯಲ್ಲಿ ಇಡೀ ದಿನ ನೀರು. ಅವನ ಹೆಂಡತಿ ಆ ನಲ್ಲಿಯನ್ನು ಗಂಡನಿಗಿಂತ ಹೆಚ್ಚು ಪ್ರೀತಿಸುತ್ತಿದ್ದಳು. ಗಂಡನನ್ನು ನೋಡಿದರೆ ಅದರಲ್ಲಿ ಅವಳ ತಪ್ಪೇನೂ ಕಾಣುವುದಿಲ್ಲ.

"ಓದಿ ನೋಡಿ," ಎಂದ ರೆಕಾರ್ಡ್ ರೂಮಿನವನು. "ಆರುನೂರು ವರ್ಷದ ಹಿಂದೆ ಈ ಊರಿನ ಕೋಟೆಲಿ ಒಬ್ಬ ಸಾಮಂತ ಇದ್ದ. ರಾಜ ಅವನನ್ನ ಗಡಿಪಾರು ಮಾಡಿದ. ಅವನ ಮೂಗು ಎಡಕ್ಕೆ ಸೊಟ್ಟ ಇತ್ತಂತೆ. ನಿಮ್ಮದೂ ಹಾಗೇ ಅಲ್ವಾ?"

ಗುಮಾಸ್ತ ಮೂಗು ಮುಟ್ಟಿಕೊಂಡ. ಏಳನೇ ವಯಸ್ಸಿನಲ್ಲಿ ಸೈಕಲ್ಲಿನಿಂದ ಬಿದ್ದು ಸೊಟ್ಟಗಾದ ಮೂಗು. ಸೈಕಲ್ಲಿನ ವಿಷಯ ಅವನಿಗೆ ಆ ಕ್ಷಣವೇ ಮರೆತುಹೋಯಿತು.

"ಹಳೇದು ಅಂದ್ರೆ ನಮ್ಮ ಸಾಹೇಬ್ರಿಗೆ ಪ್ರಾಣ. ಒಂದು ಸಲ ಊರಿಂದ ಹೊರಗೆ ಹಾಕಿಸ್ಕೊಂಡ ಮನೆತನ, ಇನ್ನೊಂದು ಸಲ ಹೊರಗೆ ಹಾಕ್ಬೇಡಿ ಅಂತ ಅರ್ಜಿ ಕೊಡಿ. ವಂಶಾವಳಿ ಜೊತೇಲಿಡಿ."

"ವಂಶಾವಳಿ ಎಲ್ಲಿಂದ ತರ್ಲಿ? ನನಗೆ ಗೊತ್ತಿರೋದು ಮುತ್ತಾತನವರೆಗೆ. ಅವರು ಊರೂರು ತಿರುಗಿ ಚಾಪೆ ಮಾರ್ತಿದ್ರು."

"ಗಡಿಪಾರಾದವರು ಊರೂರು ತಿರುಗದೆ ಇನ್ನೇನು ಮಾಡ್ತಾರೆ?"

ಈ ತರ್ಕಕ್ಕೆ ಗುಮಾಸ್ತನ ಕಣ್ಣು ಒದ್ದೆಯಾಯಿತು.

ಆ ಕಚೇರಿಯಲ್ಲಿ ಖಾಲಿ ಕಾಲಂ ಇರುವ ಕಾಗದ ಮುಂದಕ್ಕೆ ಹೋಗುವುದಿಲ್ಲ. ಏನು ಬರೆಯಬೇಕೆಂದು ತಿಳಿಯದಿದ್ದರೆ 'ಮೇಲಿನಂತೆ' ಎಂದು ಬರೆಯುವುದು ಅಲ್ಲಿನ ರೂಢಿ. ಇಬ್ಬರೂ ಕೂತು ಹಾಳೆಯ ತಲೆಯಲ್ಲಿ ಸಾಮಂತನನ್ನು, ಬುಡದಲ್ಲಿ ಗುಮಾಸ್ತನನ್ನು ಬರೆದರು. ಸಾಮಂತನ ಮಗ ಮೇಲಿನಂತೆ. ಅವನ ಮಗನೂ ಮೇಲಿನಂತೆ. ಇಪ್ಪತ್ತು ತಲೆಮಾರಿನ ಗಂಡಸರು ಹುಟ್ಟಿ, ಮದುವೆಯಾಗಿ, ಸತ್ತು ಮುಗಿಯುವುದಕ್ಕೆ ಎರಡು ಕಪ್ ಚಹಾ ಸಾಕಾಯಿತು. ಟೈಪಿಸ್ಟಮ್ಮ ಅದನ್ನು ನೀಟಾಗಿ ಟೈಪ್ ಮಾಡಿ, "ಸಹಿ ಹಾಕಿ ಪ್ರಭುಗಳೇ," ಎಂದಳು. ಗುಮಾಸ್ತ ಮೂರು ಕಡೆ ಹಾಕಿದ.

ಅಲ್ಲಿಂದ ಅವನನ್ನು ಹಿಡಿಯುವವರಿಲ್ಲ. ಅಲ್ಪನಿಗೆ ಐಶ್ವರ್ಯ ಬಂದರೆ ಕೊಡೆಯಾದರೂ ಹಿಡಿಯುತ್ತಾನೆ. ಇವನಿಗೆ ಬಂದದ್ದು ಬರೀ ಒಂದು ಹಾಳೆ. ಜವಾನ ಟಪಾಲು ತಂದರೆ, "ಅಲ್ಲಿಡು, ನೋಡೋಣ," ಎಂದ. ಊಟದ ಡಬ್ಬಿಯನ್ನು ತೆರೆದು, ಇಂಥದ್ದನ್ನು ನಮ್ಮ ಮನೆತನದವರು ತಿನ್ನುವುದೇ ಎಂಬಂತೆ ಮುಖ ಸಿಂಡರಿಸಿ, ಆಮೇಲೆ ಪೂರ್ತಿ ತಿಂದ. ಮನೆಗೆ ಫೋನ್ ಮಾಡಿ ಹೆಂಡತಿಗೆ ಹೇಳಿದ. ಅವಳು ಪಕ್ಕದ ಮನೆಯಾಕೆಗೆ ಹೇಳಿದಳು. "ಹೌದಾ? ಹಾಗಾದ್ರೆ ಇನ್ಮೇಲೆ ನಿಮ್ಮ ಪಾತ್ರೆ ಯಾರು ತೊಳೀತಾರೆ?" ಎಂದು ಆಕೆ ಕೇಳಿದ್ದನ್ನು ಹೆಂಡತಿ ಗೌರವವೆಂದೇ ತಿಳಿದಳು. ಗಂಡ ಹೆಂಡತಿ ಇಬ್ಬರೂ ಒಂದೇ ಅಚ್ಚು.

ನಾಲ್ಕು ಗಂಟೆಗೆ ಸಾಹೇಬರು ಕರೆಸಿದರು. ಅರ್ಜಿಯನ್ನೂ ವಂಶಾವಳಿಯನ್ನೂ ಸಾವಧಾನವಾಗಿ ಓದಿದರು. ಎದ್ದು ಬೀರುವಿನಿಂದ ಒಂದು ಪುಸ್ತಕ ತೆಗೆದರು. ಅದೇ ಪುಸ್ತಕ, ಇಲಿಯ ಹಲ್ಲು ತಾಗದ ಪ್ರತಿ.

"ಎಷ್ಟನೇ ಪುಟದವರೆಗೆ ಓದಿದ್ದೀರಿ?"

"ನಲವತ್ತೆರಡು ಸಾರ್. ಮುಂದಿನದನ್ನ ಇಲಿ ತಿಂದಿದೆ."

"ನಲವತ್ಮೂರು ಕೇಳಿ. 'ಕೆರೆಯ ನೀರನ್ನು ಕದ್ದು ಮಾರಿಕೊಂಡ ಈ ದ್ರೋಹಿಯೂ ಇವನ ಸಂತತಿಯೂ ಸೂರ್ಯಚಂದ್ರರಿರುವವರೆಗೆ ಈ ಊರಿನಲ್ಲಿ ನೆಲೆಸತಕ್ಕದ್ದಲ್ಲ.'"

"ಸಾರ್, ಅದು ಆರುನೂರು ವರ್ಷದ ಹಿಂದಿನ ಆದೇಶ."

"ರದ್ದು ಮಾಡಿದ ಕಾಗದ ಇದ್ರೆ ತೋರ್ಸಿ. ರದ್ದಾಗದ ಆದೇಶ ಜಾರಿಲೇ ಇರುತ್ತೆ." ಸಾಹೇಬರು ಕಿಟಕಿಯ ಕಡೆ ನೋಡಿದರು. "ಸೂರ್ಯನೂ ಇದ್ದಾನೆ."

"ನಾನು ಆ ವಂಶದವನೇ ಅಲ್ಲ ಸಾರ್. ಮಧ್ಯದವರನ್ನೆಲ್ಲ ನಾವೇ ತುಂಬಿದ್ದು. ಮೂಗು ಸೈಕಲ್ಲಿಂದ ಬಿದ್ದು ಸೊಟ್ಟಗಾದದ್ದು."

"ಹಾಗಾದ್ರೆ ಇದು ಸುಳ್ಳು ದಾಖಲೆ. ಮೂರು ಕಡೆ ಸಹಿ ಬೇರೆ ಹಾಕಿದ್ದೀರಿ. ಅದಕ್ಕೆ ಅಮಾನತು. ಯೋಚನೆ ಮಾಡಿ ಹೇಳಿ, ನೀವು ಸಾಮಂತನ ವಂಶದವರೋ ಅಲ್ವೋ?"

ಗುಮಾಸ್ತ ಲೆಕ್ಕ ಹಾಕಿದ. ಕೆಲಸ ಹೋದರೆ ಮನೆಯೂ ಇಲ್ಲ, ಅನ್ನವೂ ಇಲ್ಲ.

"ವಂಶದವನೇ ಸಾರ್," ಎಂದ ಸಣ್ಣ ದನಿಯಲ್ಲಿ.

"ಸಂತೋಷ." ಸಾಹೇಬರು ಬೆಳಗ್ಗೆಯೇ ಟೈಪಾಗಿದ್ದ ವರ್ಗಾವಣೆ ಪಟ್ಟಿಯನ್ನು ಎಳೆದುಕೊಂಡು, ಅದರಲ್ಲಿದ್ದ ಒಂದೇ ಒಂದು ಹೆಸರನ್ನು ಹೊಡೆದುಹಾಕಿ ಮೇಲೆ ಗುಮಾಸ್ತನ ಹೆಸರು ಬರೆದರು. ಗುಮಾಸ್ತ ಬಗ್ಗಿ ನೋಡಿದ. ಹೊಡೆದುಹಾಕಿದ ಹೆಸರು ರೆಕಾರ್ಡ್ ರೂಮಿನವನದು.

ಅವನು ಬಾಗಿಲಾಚೆಯೇ ನಿಂತಿದ್ದ. ಕೈಯಲ್ಲಿ ಕ್ವಾರ್ಟರ್ಸಿಗೆ ಅರ್ಜಿ ಇತ್ತು, ಒಂದು ಕಾಲಮ್ಮೂ ಖಾಲಿ ಇರಲಿಲ್ಲ.

"ಪ್ರಭುಗಳೇ," ಎಂದ ಕೈ ಮುಗಿದು, "ಮನೆ ಬೀಗದ ಕೈ ನಿಮ್ಮ ಹತ್ರ ಇದೆಯಾ, ಮಹಾರಾಣಿಯವರ ಹತ್ರ ಕೇಳ್ಲಾ?"