ದೋಣಿಯವರು ದಡ ಸೇರಿದರಾ?

ನಾನು ಮಂಗಳೂರಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಮನೆ ಹೊಳೆಯಾಚೆ ಬೆಂಗ್ರೆಯಲ್ಲಿ. ಇರುವುದು ನಾನು ಮತ್ತು ಅಮ್ಮ. ನಾನು ಚಿಕ್ಕವಳಿದ್ದಾಗ ಮೀನಿಗೆ ಹೋದ ಅಪ್ಪ ಹಿಂದೆ ಬರಲಿಲ್ಲ. ದೋಣಿಯೂ ಸಿಗಲಿಲ್ಲ, ಹೆಣವೂ ಸಿಗಲಿಲ್ಲ. ಅಂದಿನಿಂದ ಯಾವ ಚರಿತ್ರೆ ಹೇಳಿದರೂ ಅಮ್ಮನದು ಒಂದೇ ಪ್ರಶ್ನೆ: "ಅದರಲ್ಲಿ ನಮ್ಮವರು ಉಂಟಾ?" ಹೀಗಾಗಿ ನಮ್ಮ ಮನೆಯಲ್ಲಿ ತಮಾಷೆಗೇನೂ ಬರವಿಲ್ಲ. ನಗು ಮಾತ್ರ ಸ್ವಲ್ಪ ತಡವಾಗಿ ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ.

ಪಾಠ

ಒಂದು ಸಂಜೆ ಮರುದಿನದ ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದೆ. ರಾಜ ನೌಕಾಪಡೆ ಕಟ್ಟಿ, ಕಡಲು ದಾಟಿ, ದ್ವೀಪ ಗೆದ್ದನಂತೆ. ಬಂಗುಡೆ ಶುಚಿ ಮಾಡುತ್ತಿದ್ದ ಅಮ್ಮ ಕೇಳಿದಳು, "ಆ ದೋಣಿಗಳಿಗೆ ಹುಟ್ಟು ಹಾಕಿದ್ದು ಯಾರು?"

"ಅದು ಪುಸ್ತಕದಲ್ಲಿ ಇಲ್ಲಮ್ಮ."

"ಪರೀಕ್ಷೆಗೆ?"

"ಪುಸ್ತಕದಲ್ಲಿ ಇಲ್ಲದ್ದು ಪರೀಕ್ಷೆಗೆ ಹೇಗೆ ಬರ್ತದೆ?"

"ಹಾಗಾದರೆ ಅವರು ಮುಳುಗಿದರೂ ಯಾರಿಗೂ ಮಾರ್ಕ್ ಹೋಗುವುದಿಲ್ಲ," ಎಂದು ಅಮ್ಮ ಮೀನಿನ ತಲೆ ಕತ್ತರಿಸಿದಳು.

ಅಳು

ಆಮೇಲೆ ಅದೇ ರಾಜನ ಸಿನಿಮಾ ತೆಗೆಯುವವರು ನಮ್ಮ ತೀರಕ್ಕೇ ಬಂದರು. ದೋಣಿ ಮುಳುಗುವಾಗ ದಡದಲ್ಲಿ ಅಳಲು ಹೆಂಗಸರು ಬೇಕಂತೆ. "ಅಂತೂ ಇದರಲ್ಲಿ ನಮ್ಮವರು ಉಂಟು ಮಾರಾಯ್ತಿ," ಎಂದು ಅಮ್ಮ ಒಳ್ಳೆಯ ಸೀರೆ ಉಟ್ಟು ಹೋದಳು. ಅವರು ಅದನ್ನು ಬದಲಿಸಿ ಒಂದು ಹರಕು ಸೀರೆ ಕೊಟ್ಟರು.

"ಅಮ್ಮಾ, ನಿಮ್ಮ ಗಂಡ ಸಮುದ್ರದಲ್ಲಿ ಹೋದ. ಅಳಿ," ಎಂದ ನಿರ್ದೇಶಕ. ಅಮ್ಮ ಸುಮ್ಮನೆ ಕಡಲು ನೋಡುತ್ತಾ ನಿಂತಳು.

"ಹೀಗಲ್ಲಮ್ಮ! ಎದೆ ಬಡ್ಕೊಂಡು ಅಳ್ಬೇಕು. ಹೀಗೆ ನಿಂತ್ಕೊಂಡ್ರೆ ಗಂಡ ಸತ್ತಿದ್ದಾನೆ ಅಂತ ಯಾರು ನಂಬ್ತಾರೆ?"

"ನಾನು ಹೀಗೇ ನಿಂತದ್ದು," ಎಂದಳು ಅಮ್ಮ.

ಅವನಿಗೆ ಅದು ಅರ್ಥವಾಗಲಿಲ್ಲ. ಗ್ಲಿಸರಿನ್ ಹಾಕಿದ ಬೇರೊಬ್ಬ ಹುಡುಗಿಯನ್ನು ಮುಂದೆ ನಿಲ್ಲಿಸಿ, ಅಮ್ಮನ ಕೈಗೆ ಬುಟ್ಟಿ ಕೊಟ್ಟು ಹಿಂದೆ ಕಳಿಸಿದ. ಸಂಜೆ ಅಮ್ಮ ಮನೆಗೆ ಬಂದು ಇದನ್ನೆಲ್ಲ ಹೇಳಿದಾಗ ನನ್ನ ಮೈಯೆಲ್ಲ ಉರಿಯಿತು. ಅಮ್ಮನೇ ನನ್ನನ್ನು ಸಮಾಧಾನ ಮಾಡಿದಳು: "ಅವಳು ಚಂದ ಅಳ್ತಾಳೆ ಮಗಾ. ನನಗೆ ಅಷ್ಟು ಅಳಲಿಕ್ಕೆ ಪುರುಸೊತ್ತು ಎಲ್ಲಿತ್ತು? ಬೆಳಗಾದರೆ ಮೀನು ಮಾರಲಿಕ್ಕೆ ಹೋಗಬೇಕಿತ್ತಲ್ಲ."

ಸಿನಿಮಾ

ಸಿನಿಮಾ ಬಿಡುಗಡೆಯಾಯಿತು. ಮಕ್ಕಳು ಚರಿತ್ರೆ ಕಲಿಯಲಿ ಎಂದು ನಮ್ಮ ಶಾಲೆಯವರು ಎಲ್ಲರನ್ನೂ ಥಿಯೇಟರಿಗೆ ಕರೆದೊಯ್ದರು. ನಾನು ಅಮ್ಮನನ್ನೂ ಕರೆದುಕೊಂಡು ಹೋದೆ.

ಪರದೆಯಲ್ಲಿ ದೊಡ್ಡ ಬಿರುಗಾಳಿ. ದೋಣಿ ಒಡೆಯಿತು. ರಾಜ ಒಂದು ಹಲಗೆ ಹಿಡಿದು ದಡ ಸೇರಿದ, ಹಾಡು ಬಂತು, ಪಟ್ಟಾಭಿಷೇಕವಾಯಿತು. ಮಕ್ಕಳೆಲ್ಲ ಶಿಳ್ಳೆ ಹೊಡೆದರು. ದಡದ ಗುಂಪಿನಲ್ಲಿ ಅಮ್ಮನ ಬುಟ್ಟಿ ಕಂಡಿತು, ಅಮ್ಮ ಕಾಣಲಿಲ್ಲ.

ದೀಪ ಹತ್ತಿತು. ಎಲ್ಲರೂ ಹೋದರು. ಅಮ್ಮ ಮಾತ್ರ ಏಳಲಿಲ್ಲ.

"ಏಳಮ್ಮ, ಮುಗಿಯಿತು."

"ಎಂತ ಮುಗಿದದ್ದು? ಹುಟ್ಟು ಹಾಕಿದವರು ಇನ್ನೂ ದಡಕ್ಕೆ ಬರಲೇ ಇಲ್ಲ."

ಕುರ್ಚಿಗಳ ನಡುವೆ ಗುಡಿಸುತ್ತಿದ್ದವನಿಗೆ ಅವಸರ. "ಅವರು ಪಾರ್ಟ್ ಟೂನಲ್ಲಿ ಬರಬಹುದು ಅಮ್ಮಾ, ಏಳಿ," ಎಂದ.

ನನಗೆ ನಗು ತಡೆಯಲಾಗಲಿಲ್ಲ. ಅಮ್ಮನೂ ನಕ್ಕಳು. ಸೆರಗು ಸರಿಮಾಡಿಕೊಂಡು ಎದ್ದು ನಿಂತು, ನನ್ನ ಕೈ ಹಿಡಿದು ಹೇಳಿದಳು:

"ಅವತ್ತು ನನ್ನನ್ನು ಕಡಲ ಬದಿಯಿಂದ ಎಬ್ಬಿಸಿದ್ದೂ ಹೀಗೇ ಮಗಾ. ನಾಳೆ ಬರಬಹುದು, ಏಳು ಅಂತ."